ಕರೆಯೋ ಟ್ರೇ

ಗಾಜಿನಾಚೆ ಎರಡು ಕಪ್ಪು ಬೂಟು ನಿಂತವು, ಒರೆಸುತ್ತಿದ್ದ ನನ್ನ ಕೈಯೂ ನಿಂತಿತು, ಬಟ್ಟೆಯ ನೀರು ಮೊಣಕೈವರೆಗೆ ಇಳಿಯುತ್ತಿದೆ, ಇಳಿಯಲಿ, ಬೂಟಿನ ಮೂತಿ ಇತ್ತ ತಿರುಗಿತು, ಬಾ, ಮೆಟ್ಟಿಲಿಳಿ, ಒಂದೇ ಒಂದು ಬನ್ನು ತಗೋ — ಇಲ್ಲ, ಹೋದವು, ಹಾವು ತುಳಿದವರ ಹಾಗೆ ದಡದಡ. ಒರೆಸು. ನಮ್ಮ ಬೇಕರಿ ರಸ್ತೆಗಿಂತ ತಗ್ಗಿನಲ್ಲಿದೆ, ಒಳಗಿನಿಂದ ನೋಡಿದರೆ ಹೋಗುವವರ ಕಾಲು ಮಾತ್ರ, ಮುಖ ಕಾಣುವುದಿಲ್ಲ, ಮದುವೆಯಾಗಿ ಬಂದ ಹೊಸದರಲ್ಲಿ ಇದೇನ್ರೀ, ಕಾಲುಗಳಿಗೆ ವ್ಯಾಪಾರ ಮಾಡೋದಾ ಎಂದಿದ್ದೆ, ಇವರು ನಕ್ಕಿದ್ದರು, ಕಾಲು ಮೂಗಿನ ಮಾತು ಕೇಳುತ್ತೆ ಕಣೇ, ಮೂಗು ಹಿಡ್ಕೊಂಡ್ರೆ ಆಯ್ತು, ಮನುಷ್ಯ ತಾನಾಗೇ ಇಳೀತಾನೆ. ಅದಕ್ಕೇ ಆ ಟ್ರೇ. ಚಿಕ್ಕದು, ಅಂಚು ಸೊಟ್ಟ, ಓವನ್ನಿನ ಬಾಯಲ್ಲಿಡುವುದು, ಅದರಲ್ಲಿ ಬೆಣ್ಣೆ, ಸಕ್ಕರೆ, ಒಂದು ಚಿಟಿಕೆ ಚಕ್ಕೆ ಪುಡಿ, ಮಾರುವುದಕ್ಕಲ್ಲ, ತಿನ್ನುವುದಕ್ಕಲ್ಲ, ಬಿಸಿಯಾಗಿ ಘಮ್ಮೆನ್ನುವುದಕ್ಕೆ, ಹಿಂದಿನ ಫ್ಯಾನು ಆ ಘಮವನ್ನು ಕೊಳವೆಯಲ್ಲಿ ನೂಕಿ ರಸ್ತೆಗೆ ಬಿಡುವುದಕ್ಕೆ. ಕರೆಯೋ ಟ್ರೇ ಎನ್ನುತ್ತಿದ್ದರು. ಜನ ಕೆಲಸಕ್ಕೆ ಹೊರಡುವ ಹೊತ್ತಿಗೆ ಫ್ಯಾನಿನ ಗುಂಡಿ ಒತ್ತಿ ಗಾಜಿನತ್ತ ನೋಡುತ್ತ ನಿಲ್ಲುತ್ತಿದ್ದರು, ನೋಡು ನೋಡು, ಆ ಕೆಂಪು ಚಪ್ಪಲಿ ಈಗ ತಿರುಗುತ್ತೆ, ತಿರುಗುತ್ತಿತ್ತು, ಇಳಿಯುತ್ತಿತ್ತು, ಮುಖವಾಗುತ್ತಿತ್ತು.

ಈಗ ನಾನು ಒತ್ತುತ್ತೇನೆ. ಫ್ಯಾನು ತಿರುಗುತ್ತದೆ. ನನಗೆ ಯಾವ ವಾಸನೆಯೂ ಬರುವುದಿಲ್ಲ. ಆಸ್ಪತ್ರೆಯಿಂದ ಇವರಿಲ್ಲದೆ ಮನೆಗೆ ಬಂದ ದಿನ ಬಾಗಿಲ ಹಿಂದೆ ನೇತಾಡುತ್ತಿದ್ದ ಅಂಗಿಯಲ್ಲಿ ಮುಖವಿಟ್ಟೆ, ಹಿಟ್ಟಿಲ್ಲ, ಬೆವರಿಲ್ಲ, ಯಾರೋ ಒಗೆದಿಟ್ಟಿದ್ದಾರೆ ಎಂದುಕೊಂಡೆ, ಯಾರೂ ಒಗೆದಿರಲಿಲ್ಲ, ಆಮೇಲೆ ಈರುಳ್ಳಿ ಹೆಚ್ಚಿದೆ, ಸೋಪು ಮೂಸಿದೆ, ಮಗಳಿಗೆ ಜಡೆ ಹಾಕುವಾಗ ಅವಳ ನೆತ್ತಿಗೆ ಮೂಗು ಒತ್ತಿದೆ — ಅದೂ ಇಲ್ಲ. ಅಳು ಬರಬೇಕಿತ್ತು, ಜಡೆ ಮುಗಿಸಿ ರಿಬ್ಬನ್ ಕಟ್ಟಿದೆ. ಯಾರಿಗೂ ಹೇಳಿಲ್ಲ. ಮೂಗಿಲ್ಲದವಳ ಬೇಕರಿಗೆ ಯಾರು ಬರುತ್ತಾರೆ, ಅತ್ತೆಗೆ ಗೊತ್ತಾದರೆ ನಾಳೆಯೇ ಬೀಗ, ಈಗಲೇ ಗಲ್ಲಾಪೆಟ್ಟಿಗೆಯ ಹಿಂದೆ ಕೂತು ನಶ್ಯ ಏರಿಸುತ್ತ ಅದನ್ನೇ ಹೇಳುತ್ತಾರೆ, ಈ ತಿಂಗಳು ಮುಗೀಲಿ ಸಾಕು ಕಣೇ, ಬರೋರೇ ಇಲ್ಲ ಅಂದ್ಮೇಲೆ ಯಾರಿಗೆ ಬೇಯಿಸ್ತೀಯ, ಗೋಡೆಗಾ. ಪಾಪ ಅವರ ಮೂಗಿನಲ್ಲೂ ನಶ್ಯ ಬಿಟ್ಟರೆ ಬೇರೆ ಲೋಕವಿಲ್ಲ. ತಿಂಗಳು ಮುಗಿಯಲು ಇನ್ನೆಷ್ಟು ದಿನ ಇದೆಯೋ, ಲೆಕ್ಕ ಹಾಕಲಿಲ್ಲ, ಬೀಗ ಹಾಕಿದರೆ ಇವರು ನಿಂತ ಜಾಗ, ಓವನ್ನಿನ ಮುಂದೆ ಸವೆದ ಆ ಕಲ್ಲು, ಬೇರೆ ಯಾರದೋ ಆಗುತ್ತದೆ, ಆಗ ನಾನು ಎಲ್ಲಿ ನಿಲ್ಲಲಿ. ಬನ್ನು ಕೆಟ್ಟಿಲ್ಲ. ಹಿಟ್ಟು ಕಿವಿಯ ಹಾಲೆಯಷ್ಟು ಮೆತ್ತಗಾದರೆ ಸಾಕು, ಅದನ್ನು ಬೆರಳು ಹೇಳುತ್ತದೆ, ಬೆಂದದ್ದನ್ನು ಬಣ್ಣ ಹೇಳುತ್ತದೆ, ಮೊದಲ ಬನ್ನು ಮಗಳಿಗೆ, ಹೇಗಿದೆ ಕಂದಾ, ಚೆನ್ನಾಗಿದೆ ಅಮ್ಮ, ಸುಳ್ಳು ಹೇಳುವ ಮಗುವಲ್ಲ ಅದು. ಹಾಗಿದ್ದರೆ ಕಾಲುಗಳು ಯಾಕೆ ಇಳಿಯುವುದಿಲ್ಲ. ಬೋರ್ಡಿಗೆ ಹೊಸ ಬಣ್ಣ ಬಳಿದೆ, ಮೆಟ್ಟಿಲ ಮೇಲೆ ದೀಪ ಹಾಕಿದೆ, ಬಾಗಿಲು ತೆರೆದೇ ಇಟ್ಟೆ, ಟ್ರೇಯನ್ನು ಇನ್ನೂ ಒಳಗೆ ನೂಕಿ ಇನ್ನೂ ಬಿಸಿ ಮಾಡಿದೆ, ನಿಲ್ಲುತ್ತವೆ, ತಿರುಗುತ್ತವೆ, ಓಡುತ್ತವೆ. ಪಕ್ಕದ ಟೈಲರ್ ಮಾತ್ರ ಮೆಟ್ಟಿಲ ತುದಿಯಲ್ಲೇ ನಿಂತು, ಅಕ್ಕಾ, ಏನೋ ಹೊಸದು ಮಾಡ್ತಿದೀರಾ, ನಮ್ಮ ಅಂಗಡಿವರೆಗೂ ಬರ್ತಿದೆ ಎಂದ, ಹೊಗಳಿದ ಎಂದುಕೊಂಡು ಎರಡು ಬನ್ನು ಕಟ್ಟಿಕೊಟ್ಟೆ, ತಗೊಂಡು ಕಿಟಕಿ ಮುಚ್ಚಿಕೊಂಡ. ಚಳಿಯೇನೋ.

ಬಕೆಟ್ಟಿನ ನೀರು ಬದಲಿಸಬೇಕು. ಮೊದಲು ಟ್ರೇ. ಸಕ್ಕರೆ ಮೇಲೆ ಉದುರಿಸಿದರೆ ಆಯಿತು, ತಳದ ಬೆಣ್ಣೆ ಇವರದೇ, ಇವರು ಕೊನೆಯ ಸಲ ಹಾಕಿದ್ದು, ಕಪ್ಪಗೆ ಕಟ್ಟಿಕೊಂಡಿದೆ, ಇವರು ದಿನಾ ತೊಳೆಯುತ್ತಿದ್ದರೋ ಇಲ್ಲವೋ, ಹಿಟ್ಟು ನನ್ನದು, ಓವನ್ ಇವರದು, ಆ ಕಡೆ ನಾನು ತಲೆ ಹಾಕಿದವಳಲ್ಲ, ಒಮ್ಮೆ ತೊಳೆಯಲು ನಲ್ಲಿಯ ಕೆಳಗೆ ಹಿಡಿದೆ, ನೀರು ಬಿಡಲು ಕೈ ಬರಲಿಲ್ಲ, ಇವರ ಬೆರಳು ಎಳೆದ ಗೆರೆ ಅದರಲ್ಲಿತ್ತು. ಇಟ್ಟೆ. ಒತ್ತಿದೆ. ಫ್ಯಾನು ತಿರುಗಿತು. ಮೇಲೆ ಮಗಳು ನಿಂತಿದ್ದಾಳೆ, ಅವಳ ನೀಲಿ ಕ್ಯಾನ್ವಾಸ್ ಶೂ, ಸ್ಕೂಲಿಗೆ ಇನ್ನೂ ಹೊತ್ತಿದೆ, ನಾನು ಬನ್ನು ತುಂಡು ಮಾಡಿ ತಟ್ಟೇಲಿ ಕೊಡ್ತೀನಿ, ಹೋಗೋರಿಗೆ ರುಚಿ ತೋರಿಸ್ತೀಯಾ ಎಂದಿದ್ದೆ, ಹೂಂ ಎಂದಳು, ಆಮೇಲೆ ಅಮ್ಮಾ ಎಂದಳು, ಏನೇ ಎಂದೆ, ಏನಿಲ್ಲ ಎಂದಳು, ನಿನ್ನೆಯೂ ಹಾಗೇ, ಮೊನ್ನೆಯೂ ಹಾಗೇ, ಬಾಯಿ ತೆರೆದು ಮುಚ್ಚುತ್ತಾಳೆ, ಅಪ್ಪನ ವಿಷಯ ಕೇಳುತ್ತಾಳೇನೋ ಎಂದು ನಾನೂ ಕೆದಕುವುದಿಲ್ಲ. ಎತ್ತರದ ಹಿಮ್ಮಡಿ ಬಂತು, ನಿಂತಿತು, ನೀಲಿ ಶೂ ಒಂದು ಹೆಜ್ಜೆ ಮುಂದೆ ಹೋಯಿತು, ಹಿಮ್ಮಡಿ ಆಚೆ ತಿರುಗಿತು. ಹಳದಿ ಚಪ್ಪಲಿ ಬಂತು, ತಿರುಗಿತು. ಮಣ್ಣು ಮೆತ್ತಿದ ಬೂಟು, ತಿರುಗಿತು. ತಿರುಗಿತು. ಬಟ್ಟೆ ನನ್ನ ಕೈಯಲ್ಲೇ ಇದೆ, ಗಾಜು ಸ್ವಚ್ಛವಾಗಿದೆ, ಎಷ್ಟು ಸ್ವಚ್ಛ ಎಂದರೆ ಹಿಮ್ಮಡಿಯ ಸವೆತ ಕೂಡ ಕಾಣುತ್ತಿದೆ, ಎಲ್ಲ ಹಿಮ್ಮಡಿಗಳೇ, ನೀಲಿ ಶೂ ಒಂದೇ ನನ್ನತ್ತ ಮುಖಮಾಡಿ ಮೆಟ್ಟಿಲಿಳಿಯುತ್ತಿದೆ. ತಟ್ಟೆ ತುಂಬಿದ್ದು ತುಂಬಿದ ಹಾಗೇ ಇದೆ. ಅದನ್ನು ಗಲ್ಲಾಪೆಟ್ಟಿಗೆಯ ಮೇಲಿಟ್ಟಳು, ಅಜ್ಜಿಯನ್ನು ದಾಟಿ ಹೋದಳು, ಫ್ಯಾನ್ ಆರಿಸಿದಳು, ಯಾಕೆ ಕಂದಾ, ಬೇಡ, ಬಿಸಿ ಇದೆ ಎಂದೆ, ಅವಳು ಬಟ್ಟೆಯಲ್ಲಿ ಹಿಡಿದು ಟ್ರೇಯನ್ನು ತಂದು ನನ್ನ ಮುಖದ ಹತ್ತಿರ ಎತ್ತಿದಳು, ಒಂದು ಕೈಯಲ್ಲಿ ಮೂಗು ಮುಚ್ಚಿಕೊಂಡು, ಹೇಗಿದೆ ಅಮ್ಮ. ನಾನು ಕಣ್ಣು ಮುಚ್ಚಿದೆ, ಉದ್ದಕ್ಕೆ ಉಸಿರೆಳೆದುಕೊಂಡೆ, ಆಹಾ, ಘಮ್ ಅಂತಿದೆ ಕಣೇ, ಅಪ್ಪ ಮಾಡ್ತಿದ್ದ ಹಾಗೇ. ಕಣ್ಣು ಬಿಟ್ಟಾಗ ಅವಳ ಮುಖ, ಇಷ್ಟು ದಿನಗಳಲ್ಲಿ ನಾನು ಸರಿಯಾಗಿ ನೋಡಿದ ಒಂದೇ ಮುಖ, ಬಾಯಿ ತೆರೆದಳು, ಈ ಸಲ ಮುಚ್ಚಲಿಲ್ಲ, ಅಮ್ಮಾ, ನಿಂಗೆ ವಾಸನೇನೇ ಗೊತ್ತಾಗಲ್ವಾ?