ಮೊಣಕೈಗೆ ಹಾಕಿದ ಹೆಲ್ಮೆಟ್

ನಮ್ಮ ವೋಲೋಸ್ ಊರಿನ ಗಂಡಸರಿಗೆ ತಲೆ ಎಲ್ಲಿದೆ ಎಂದು ಯಾರಾದರೂ ಕೇಳಿದರೆ ನಾನು ಮೊಣಕೈ ತೋರಿಸುತ್ತೇನೆ. ಬೈಕ್ ಏರುತ್ತಾರೆ, ಹೆಲ್ಮೆಟ್ಟಿನ ಪಟ್ಟಿಯನ್ನು ಎಡ ಮೊಣಕೈಗೆ ಸಿಕ್ಕಿಸುತ್ತಾರೆ, ಕೂದಲನ್ನು ಗಾಳಿಗೆ ಬಿಟ್ಟು ಬೆಟ್ಟದ ತಿರುವುಗಳನ್ನು ಹತ್ತುತ್ತಾರೆ. ಪೊಲೀಸರು ಕಂಡಾಗ ಮಾತ್ರ ಅದು ತಲೆಗೆ ಬರುತ್ತದೆ. ಇಪ್ಪತ್ತೆಂಟು ವರ್ಷದಿಂದ ಇವರಿಗೆ ಹೆಲ್ಮೆಟ್ ಮಾರುತ್ತಿರುವ ನಾನು, ಸ್ಟೆರ್ಗಿಯೋಸ್, ಬೈದು ಬೈದು ಗಂಟಲು ಒಣಗಿಸಿಕೊಂಡಿದ್ದೇನೆ.

ನನ್ನ ಅಂಗಡಿಯಲ್ಲಿ ಒಂದು ನಿಯಮವಿದೆ. ಹೆಲ್ಮೆಟ್ ಕೊಳ್ಳಲು ಬಂದವರು ಅದನ್ನು ಹಾಕಿಕೊಂಡು, ಪಟ್ಟಿ ಬಿಗಿದು, ಬಾಗಿಲ ಪಕ್ಕದ ಬೆತ್ತದ ಕುರ್ಚಿಯಲ್ಲಿ ಅರ್ಧ ಗಂಟೆ ಕೂರಬೇಕು. ಮೊದಲು ಹುಬ್ಬಿನ ಮೇಲೆ ಟೇಪು ಸುತ್ತಿ ಅಳತೆ ತೆಗೆಯುತ್ತೇನೆ. ಆಮೇಲೆ ತಲೆಯನ್ನು ಮೇಲಿನಿಂದ ನೋಡುತ್ತೇನೆ. ಅಳತೆ ಒಂದೇ ಆದರೂ ಕೆಲವು ತಲೆ ದುಂಡು, ಕೆಲವು ಉದ್ದ. ದುಂಡು ತಲೆಗೆಂದು ಮಾಡಿದ್ದನ್ನು ಉದ್ದ ತಲೆಗೆ ಹಾಕಿದರೆ ಐದು ನಿಮಿಷ ಏನೂ ಗೊತ್ತಾಗುವುದಿಲ್ಲ, ಹದಿನೈದು ನಿಮಿಷಕ್ಕೆ ಹಣೆ ಸಿಡಿಯಲು ಶುರುವಾಗುತ್ತದೆ. ಅದಕ್ಕೇ ಅರ್ಧ ಗಂಟೆ. ಸುಡು ಬೇಸಿಗೆಯಲ್ಲಿ, ದಾರಿಹೋಕರೆಲ್ಲ ನಗುತ್ತಿರುವಾಗ, ಹೆಲ್ಮೆಟ್ ಹಾಕಿಕೊಂಡು ಸ್ಟ್ರಾ ಹಾಕಿ ಕಾಫಿ ಹೀರುತ್ತಾ ಕೂತವರನ್ನು ನೋಡಿ ಊರಿನವರು ನನ್ನನ್ನು ಹೊಗಳುತ್ತಾರೆ. ಸ್ಟೆರ್ಗಿಯೋಸ್ ಎಂದರೆ ದೇವರಂಥ ಮನುಷ್ಯ, ವ್ಯಾಪಾರ ಕೆಟ್ಟರೂ ಪರವಾಗಿಲ್ಲ, ತಪ್ಪು ಅಳತೆ ಕೊಡುವವನಲ್ಲ ಎನ್ನುತ್ತಾರೆ. ಹೊಗಳಿಕೆ ಕೇಳಿದಾಗಲೆಲ್ಲ ನನಗೆ ಮೈ ಉರಿಯುತ್ತದೆ.

ಈ ಸೆಪ್ಟೆಂಬರಿನಲ್ಲಿ ಒಂದು ಬೆಳಿಗ್ಗೆ ಆಸಿಮೀನಾ ಬಂದಳು. ಬೆಟ್ಟದ ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ ಮುದುಕರಿಗೆ ಇಂಜೆಕ್ಷನ್ ಕೊಡುವ, ಹುಣ್ಣಿಗೆ ಪಟ್ಟಿ ಕಟ್ಟುವ ನರ್ಸು ಅವಳು. ಹೊರಗೆ ನಿಲ್ಲಿಸಿದ ಬೈಕು ಅವಳ ತಮ್ಮ ಲಾಂಬ್ರೋಸನದು. ಹೋದ ವರ್ಷ ಈಸ್ಟರಿಗೆ ಒಂದು ವಾರ ಮುಂಚೆ ಲಾಂಬ್ರೋಸ್ ಬೆಟ್ಟದ ಮೂರನೇ ತಿರುವಿನಲ್ಲಿ ಬಿದ್ದು ಸತ್ತ. ಬೈಕಿಗೆ ಹೆಚ್ಚೇನೂ ಆಗಲಿಲ್ಲ. ಹೆಲ್ಮೆಟ್ಟಿಗೂ ಏನೂ ಆಗಲಿಲ್ಲ, ಅದು ಮೊಣಕೈಯಲ್ಲಿತ್ತು.

ಊರಿಗೆ ಇಷ್ಟು ಸಾಕಾಯಿತು. ಹುಡುಗಿಯರಿಗೆ ಕೂದಲು ತೋರಿಸಲು ಹೋಗಿ ಸತ್ತ ಎಂದರು. ಅವನ ತಾಯಿ ವಾಯಾ ಕೂಡ ಅದನ್ನೇ ನಂಬಿದಳು. ನಲವತ್ತನೇ ದಿನಕ್ಕೆ ಸತ್ತ ಮಗನ ಹೆಸರಿನಲ್ಲಿ ಗೋಧಿ ಬೇಯಿಸಿ ಚರ್ಚಿಗೆ ಕೊಟ್ಟವಳು ವರ್ಷದ ದಿನಕ್ಕೆ ಕೊಡಲಿಲ್ಲ. ರಸ್ತೆಯಲ್ಲಿ ಸತ್ತವರಿಗೆ ಆ ಜಾಗದಲ್ಲಿ ಪುಟ್ಟ ಗೂಡು ನಿಲ್ಲಿಸಿ ದೀಪ ಇಡುವುದು ನಮ್ಮಲ್ಲಿ ಎಲ್ಲರೂ ಮಾಡುವ ಕೆಲಸ. ಮೂರನೇ ತಿರುವು ಮಾತ್ರ ಬೋಳಾಗಿಯೇ ಇತ್ತು. ಸೊಕ್ಕಿನಿಂದ ಸತ್ತವನಿಗೆ ನಾನು ಎಣ್ಣೆ ಸುಡುವುದಿಲ್ಲ ಎಂದು ವಾಯಾ ಪಾದ್ರಿಯ ಎದುರಿಗೇ ಹೇಳಿದ್ದಳಂತೆ.

ಆಸಿಮೀನಾ ಚೀಲದಿಂದ ಲಾಂಬ್ರೋಸನ ಹೆಲ್ಮೆಟ್ ತೆಗೆದು ನನ್ನ ಮುಂದಿಟ್ಟಳು. ಬೂದು ಬಣ್ಣದ್ದು. ಬದಿಯಲ್ಲಿ ಉಗುರಿನಷ್ಟು ಗೀರು. ಪೊಲೀಸರು ಕೊಟ್ಟಾಗಿನಿಂದ ಕಪಾಟಿನಲ್ಲೇ ಇತ್ತಂತೆ. ಇದನ್ನೇ ಹಾಕಿಕೊಳ್ಳಬಹುದಾ ಎಂದು ಕೇಳಿದಳು. ನಾನು ಬೇಡವೇ ಬೇಡ ಎಂದೆ. ಒಮ್ಮೆ ರಸ್ತೆಗೆ ಬಿದ್ದ ಹೆಲ್ಮೆಟ್ಟಿನ ಒಳಗಿನ ಪದರ ಜಜ್ಜಿಹೋಗಿರಬಹುದು, ಹೊರಗಿನಿಂದ ಅದು ಕಾಣುವುದೇ ಇಲ್ಲ ಎಂದು ವಿವರಿಸಿದೆ. ನಾನು ಹೇಳಿದ್ದು ನಿಜ. ಆದರೆ ಅದನ್ನು ಆದಷ್ಟು ಬೇಗ ಅವಳ ಕೈಯಿಂದ ಬಿಡಿಸಿ ಒಳಗೆ ಎಸೆಯಬೇಕು ಎಂಬ ಆತುರವೂ ನನಗಿತ್ತು.

ಅವಳು ಬಿಡಲಿಲ್ಲ. "ಓಡಿಸೋವಾಗ ಹಾಕ್ಕೊಳಲ್ಲ ಬಿಡು ಮಾಮ. ಒಂದ್ಸಲ ಇಲ್ಲಿ ಹಾಕ್ಕೊಂಡು ನೋಡ್ತೀನಿ. ಅವನು ಹಾಕ್ಕೊಳ್ದೆ ಇದ್ದಿದ್ದನ್ನ ನಾನಾದ್ರೂ ಹಾಕ್ಕೊಳ್ತೀನಿ. ಅರ್ಧ ಗಂಟೆ ತಾನೆ ನಿನ್ನ ನಿಯಮ? ಲೆಕ್ಕ ಇಟ್ಕೋ" ಎಂದು ಕುರ್ಚಿಯಲ್ಲಿ ಕೂತೇಬಿಟ್ಟಳು.

ನಾನು ಅವಳ ತಲೆಯನ್ನು ಮೇಲಿನಿಂದ ನೋಡಿದೆ. ನೋಡುವ ಅಗತ್ಯವಿರಲಿಲ್ಲ. ಅಪ್ಪನಿಂದ ಬಂದ ಉದ್ದ ತಲೆ, ಅಕ್ಕ ತಮ್ಮ ಇಬ್ಬರಿಗೂ ಒಂದೇ ಅಚ್ಚು.

ಆ ಅರ್ಧ ಗಂಟೆಯನ್ನು ನಾನು ಹೇಗೆ ಕಳೆದೆನೋ ನನಗೇ ಗೊತ್ತು. ಗಾಜು ಒರೆಸಿದೆ. ಒರೆಸಿದ್ದನ್ನೇ ಮತ್ತೆ ಒರೆಸಿದೆ. ಐದನೇ ನಿಮಿಷದಲ್ಲಿ ಅವಳು ಒಳಗಿನಿಂದ ಏನೋ ತಮಾಷೆ ಮಾಡಿದಳು, ಮೀನಿನ ಡಬ್ಬಿಯಲ್ಲಿ ಕೂತ ಹಾಗಿದೆ ಎಂದೋ ಏನೋ. ಹತ್ತನೇ ನಿಮಿಷಕ್ಕೆ ಸುಮ್ಮನಾದಳು. ಹದಿನೈದಕ್ಕೆ ಕುರ್ಚಿಯ ಕೈ ಹಿಡಿದುಕೊಂಡಳು. ಸಾಕು, ತೆಗೆ ಎಂದೆ. ಅವಳು ಬೆರಳಿನಲ್ಲೇ ಬೇಡ ಎಂದಳು. ಇಪ್ಪತ್ತೈದಕ್ಕೆ ಅವಳ ಕಣ್ಣಲ್ಲಿ ನೀರಿತ್ತು. ಹಟದವಳು, ಮೂವತ್ತೂ ಮುಗಿಸಿದಳು.

ಹೆಲ್ಮೆಟ್ ತೆಗೆದು ಕನ್ನಡಿಯ ಮುಂದೆ ನಿಂತಳು. ಹಣೆಯ ನಟ್ಟನಡುವೆ, ಕೂದಲಿನ ಅಂಚಿಗೆ, ಎರಡು ಬೆರಳಗಲದ ಕೆಂಪು ಗುರುತು. ಹಾಸಿಗೆ ಹಿಡಿದ ಮುದುಕರ ಬೆನ್ನನ್ನು ದಿನಾ ನೋಡುವವಳಿಗೆ ಒತ್ತಿದ ಗುರುತು ಯಾವುದು ಎಂದು ನಾನು ಹೇಳಿಕೊಡಬೇಕಿರಲಿಲ್ಲ.

"ಇದು ಅವನಿಗೂ ಇಲ್ಲೇ ಇತ್ತು" ಎಂದಳು. "ದಿನಾ ಸಾಯಂಕಾಲ ಇರ್ತಿತ್ತು. ನಾನು ಟೋಪೀದು ಅಂದ್ಕೊಂಡಿದ್ದೆ."

ಅವಳು ಕನ್ನಡಿಯಲ್ಲೇ ನನ್ನನ್ನು ನೋಡುತ್ತಾ ಕೇಳಿದಳು. "ಈ ಅರ್ಧ ಗಂಟೆ ನಿಯಮ ಯಾವಾಗಿಂದ ಮಾಮ?"

"ಹೋದ ವರ್ಷದಿಂದ."

"ಹೋದ ವರ್ಷ ಯಾವಾಗಿಂದ?"

"ಈಸ್ಟರ್ ಆದ್ಮೇಲಿಂದ."

ಅಷ್ಟು ಹೇಳಿದ ಮೇಲೆ ಮುಚ್ಚಿಡಲು ಏನೂ ಉಳಿಯಲಿಲ್ಲ. ಕಕ್ಕಿಬಿಟ್ಟೆ. ಲಾಂಬ್ರೋಸ್ ಆ ಜನವರಿಯಲ್ಲಿ ಬಂದಾಗ ಮಧ್ಯಾಹ್ನ ಬಾಗಿಲು ಹಾಕುವ ಹೊತ್ತಾಗಿತ್ತು. ಒಳ್ಳೆಯದು ಬೇಕು ಮಾಮ, ಅಗ್ಗದ್ದು ಬೇಡ, ಅಮ್ಮನಿಗೆ ಮಾತು ಕೊಟ್ಟಿದ್ದೇನೆ ಎಂದಿದ್ದ. ಬೂದು ಬಣ್ಣದ್ದು ದುಂಡು ತಲೆಯದು, ಹಿಂದಿನ ವರ್ಷದ ಕೊನೆಯ ಪೀಸು, ಹೋದರೆ ಸಾಕಾಗಿತ್ತು. ಐದು ನಿಮಿಷ ಹಾಕಿಸಿ, ರಾಜನ ಹಾಗೆ ಕಾಣುತ್ತೀಯ ಎಂದು ಉಬ್ಬಿಸಿ ಕಳಿಸಿದೆ. ವಾರದ ಮೇಲೆ ಬಂದು ಹಣೆ ನೋಯುತ್ತದೆ ಎಂದ. ಹಾಕುತ್ತಾ ಹಾಕುತ್ತಾ ಸಡಿಲವಾಗುತ್ತದೆ ಎಂದೆ. ಕೆನ್ನೆಯ ಕಡೆ ಸಡಿಲವಾಗುತ್ತದೆ, ಹಣೆಯ ಕಡೆ ಆಗುವುದಿಲ್ಲ. ಅದು ನನಗೆ ಗೊತ್ತಿತ್ತು. ಮತ್ತೆ ಬಂದ. ಅಂಗಡಿಯಲ್ಲಿ ನಾಲ್ಕು ಜನ ಇದ್ದರು. ಹೆಲ್ಮೆಟ್ ಸರಿಯಾಗೇ ಇದೆ ಕಣೋ, ನಿನ್ನ ತಲೆಯೇ ಊದಿಕೊಂಡಿದೆ ಎಂದೆ. ಎಲ್ಲರೂ ನಕ್ಕರು. ಅವನೂ ನಕ್ಕ. ಆಮೇಲೆ ಅವನು ಬರಲಿಲ್ಲ.

ಆಸಿಮೀನಾ ಕಿರುಚುತ್ತಾಳೆ, ಹೊಡೆಯುತ್ತಾಳೆ ಎಂದುಕೊಂಡಿದ್ದೆ. ಅವಳು ಕುರ್ಚಿಗೆ ಹಿಂದಿರುಗಿ ಕೂತು, ನನ್ನ ತಲೆಗೆ ಆಗುವುದನ್ನು ಕೊಡು, ಹನ್ನೊಂದು ಗಂಟೆಗೆ ಮೇಲಿನ ಹಳ್ಳಿಯಲ್ಲಿ ಇನ್ಸುಲಿನ್ ಕೊಡಬೇಕು ಎಂದಳು. ಏಣಿ ಹತ್ತಿ ಮೇಲಿನ ಅಟ್ಟದಿಂದ ಉದ್ದ ತಲೆಯ ಹೆಲ್ಮೆಟ್ ಇಳಿಸಿದೆ. ಬಿಳಿ ಬಣ್ಣದ್ದು, ಹಗುರ. ಪಟ್ಟಿ ಬಿಗಿದು ಗದ್ದದ ಬಳಿ ಹಿಡಿದು ಅಲ್ಲಾಡಿಸಿದರೆ ಹೆಲ್ಮೆಟ್ಟಿನ ಜೊತೆ ಕೆನ್ನೆಯ ಚರ್ಮವೂ ಬರಬೇಕು, ಬಂತು. ಇನ್ನೊಂದು ಅರ್ಧ ಗಂಟೆ ಕೂತಳು. ಹೊಸ ಗುರುತು ಮೂಡಲಿಲ್ಲ. ಹಳೆಯದು ಮಾಸುತ್ತಾ ಬಂದಿತ್ತು.

"ಇದು ಆವತ್ತೂ ಅಂಗಡೀಲಿತ್ತಾ?" ಎಂದು ಕೇಳಿದಳು.

"ಇತ್ತು."

"ಮತ್ತೆ?"

"ಏಣಿ ಹತ್ತಬೇಕಿತ್ತು" ಎಂದೆ. ಊಟದ ಹೊತ್ತಾಗಿತ್ತು, ಮನೆಯಲ್ಲಿ ಹುರುಳಿಕಾಯಿ ಸಾರು ಆರುತ್ತಿತ್ತು. ಅದನ್ನೂ ಹೇಳಿದೆ. ಯಾಕೆ ಬಿಡಬೇಕು.

ದುಡ್ಡು ಬೇಡ ಎಂದರೂ ಕೇಳದೆ ಪೂರ್ತಿ ಬೆಲೆ ಎಣಿಸಿಟ್ಟಳು. ಬಾಗಿಲಲ್ಲಿ ನಿಂತು, ಸಾಯಂಕಾಲ ಮನೆಗೆ ಬಂದು ಅಮ್ಮನಿಗೆ ಹೇಳು ಎಂದಳು. ಅವಳ ದನಿಯಲ್ಲಿ ಬೇಡಿಕೆ ಇರಲಿಲ್ಲ.

ಹೋದೆ. ವಾಯಾ ಅಡುಗೆಮನೆಯಲ್ಲಿ ಬದನೆಕಾಯಿಗೆ ಉಪ್ಪು ಹಚ್ಚುತ್ತಿದ್ದಳು. ನಾನು ಹೇಳುವಷ್ಟು ಹೊತ್ತೂ ಕೈ ನಿಲ್ಲಿಸಲಿಲ್ಲ. ಮುಗಿದ ಮೇಲೆ ಕೈ ಒರೆಸಿಕೊಂಡಳು. ಒಂದೂವರೆ ವರ್ಷ ಆ ಹೆಂಗಸು ಬೀದಿಯಲ್ಲಿ ಬೆನ್ನು ನೆಟ್ಟಗೆ ಮಾಡಿಕೊಂಡು ನಡೆದಿದ್ದು ಮಗನ ಮೇಲಿನ ಸಿಟ್ಟಿನಿಂದ. ಆ ಸಿಟ್ಟನ್ನು ನಾನು ಕಿತ್ತುಕೊಂಡೆ. ನನ್ನ ಕಣ್ಣೆದುರೇ ಕುಗ್ಗಿ ಸ್ಟೂಲಿನ ಮೇಲೆ ಕೂತಳು.

"ಮಾತು ಕೊಟ್ಟಿದ್ದ ನಂಗೆ" ಎಂದಳು. "ಬೆಳಿಗ್ಗೆ ಬಾಗಿಲಲ್ಲಿ ಹಾಕ್ಕೊಂಡೇ ಹೋಗ್ತಿದ್ದ. ನಾ ನೋಡ್ಲಿ ಅಂತ ನಾಟಕ ಮಾಡ್ತಾನೆ ಅಂದ್ಕೊಂಡೆ. ಮಗನನ್ನ ನಾನೇ ಊರ ಮುಂದೆ ಬೈದ್ನಲ್ಲ ಸ್ಟೆರ್ಗಿಯೋ."

ಬದನೆಕಾಯಿಯ ತಟ್ಟೆಯನ್ನು ಪಕ್ಕಕ್ಕೆ ತಳ್ಳಿ ಹೇಳಿದಳು. "ಇಲ್ಲಿ ಹೇಳಿದ್ರೆ ಪಾತ್ರೆಗಳು ಕೇಳ್ಕೊಳುತ್ತೆ. ಅವನ ಹೆಸರು ಕೆಡಿಸಿದ್ದು ಕಾಫಿ ಅಂಗಡೀಲಿ. ಅಲ್ಲಿ ಹೋಗಿ ಹೇಳು."

ಭಾನುವಾರ ಚರ್ಚು ಬಿಟ್ಟ ಮೇಲೆ ಕಾಫಿ ಅಂಗಡಿ ತುಂಬಿತ್ತು. ಬಾಗಿಲ ಹೊರಗೆ ಬಿಳಿ ಹೆಲ್ಮೆಟ್ ಕಂಕುಳಲ್ಲಿಟ್ಟುಕೊಂಡು ಆಸಿಮೀನಾ ನಿಂತಿದ್ದಳು. ನಾನು ಎದ್ದು ನಿಂತು, ಯಾವುದನ್ನೂ ಬಿಡದೆ ಹೇಳಿದೆ. ಕೊನೆಯ ಪೀಸು, ಏಣಿ, ಸಾರು, ನಾಲ್ಕು ಜನರ ಮುಂದೆ ಮಾಡಿದ ಗೇಲಿ. ಆವತ್ತು ನಕ್ಕ ನಾಲ್ವರಲ್ಲಿ ಇಬ್ಬರು ಅಲ್ಲೇ ಇದ್ದರು.

ಆಮೇಲೆ ಮೀನು ದೋಣಿಯ ಫಾನಿಸ್, ಆ ಇಬ್ಬರಲ್ಲಿ ಒಬ್ಬ, ನನ್ನ ಭುಜ ತಟ್ಟಿದ. "ಕೂತ್ಕೊ ಮಾರಾಯ. ನೀನು ಒಳ್ಳೆಯವನು ಅಂತ ಗೊತ್ತು, ಆದ್ರೆ ಸತ್ತೋನ ತಪ್ಪನ್ನೆಲ್ಲ ಮೈಮೇಲೆ ಎಳ್ಕೊಂಡ್ರೆ ಹೆಂಗೆ? ಅವರಮ್ಮನ್ನ ಸಮಾಧಾನ ಮಾಡೋಕೆ ಹೇಳ್ತಿದ್ದೀಯ, ನಮಗೆ ಅರ್ಥ ಆಗುತ್ತೆ. ಹುಡುಗ ಶೋಕಿ ಮಾಡ್ದ, ಸತ್ತ. ಪಾಪ."

ಸುತ್ತ ಕೂತವರು ತಲೆಯಾಡಿಸಿದರು. ನಾನು ಸುಳ್ಳಲ್ಲ ಎಂದೆ, ಆಣೆ ಮಾಡಿದೆ, ಮೇಜು ಗುದ್ದಿದೆ. ಗುದ್ದಿದಷ್ಟೂ ನಾನು ಅವರ ಕಣ್ಣಲ್ಲಿ ದೊಡ್ಡವನಾದೆ. ಯಾರೋ ನನ್ನ ಕಾಫಿಯ ದುಡ್ಡು ಕೊಟ್ಟರು. ಅವರು ನನ್ನ ಮಾತು ನಂಬಲಾರರು ಎಂದು ಆಗ ಹೊಳೆಯಿತು. ನಂಬಿದರೆ ಅವತ್ತು ನಕ್ಕಿದ್ದು ಅವರಿಗೂ ಅಂಟಿಕೊಳ್ಳುತ್ತದೆ. ಕುರ್ಚಿಗಳ ಬೆನ್ನಿಗೆಲ್ಲ ಹೆಲ್ಮೆಟ್ಟುಗಳು ಪಟ್ಟಿಯಿಂದ ನೇತಾಡುತ್ತಿದ್ದವು.

ಹೊರಗೆ ಬಂದಾಗ ಆಸಿಮೀನಾ ನನಗಾಗಿ ಕಾದಿದ್ದಳು.

"ಹಾಕ್ತಾ ಹಾಕ್ತಾ ಸಡಿಲ ಆಗುತ್ತೆ ಅಂತ ನೀನಂದಾಗ ನಮ್ಮ ಲಾಂಬ್ರೋಸ್ ನಂಬಿದ್ದ" ಎಂದಳು. ಹೆಲ್ಮೆಟ್ ಹಾಕಿಕೊಂಡು ಬೈಕು ಹತ್ತಿದಳು.

ಅಕ್ಟೋಬರಿನಲ್ಲಿ ವಾಯಾ ಮೂರನೇ ತಿರುವಿನಲ್ಲಿ ಗೂಡು ನಿಲ್ಲಿಸಿದಳು. ಒಳಗೆ ಮಗನ ಫೋಟೋ, ದೀಪ, ಪಕ್ಕದಲ್ಲಿ ಆ ಬೂದು ಹೆಲ್ಮೆಟ್. ತನಗೆ ಬೆಟ್ಟ ಹತ್ತಲಾಗುವುದಿಲ್ಲ, ನಿನ್ನ ಮನೆ ಆ ದಾರಿಯಲ್ಲೇ ಇದೆಯಲ್ಲ, ದಿನಾ ಎಣ್ಣೆ ಹಾಕು ಎಂದು ನನಗೆ ಹೇಳಿಕಳಿಸಿದಳು. ಹಾಕುತ್ತೇನೆ. ಸತ್ತ ಗಿರಾಕಿಗೂ ದೀಪ ಹಚ್ಚುವವನು ಎಂದು ಊರು ಈಗ ಇನ್ನಷ್ಟು ಹೊಗಳುತ್ತದೆ.

ನಾನು ಅಲ್ಲಿ ಬತ್ತಿ ಸರಿಮಾಡುತ್ತಾ ಕೂತಿರುವಾಗ ಬೈಕುಗಳು ಹಾದುಹೋಗುತ್ತವೆ. ಗೂಡು ಕಂಡೊಡನೆ ಗಂಡಸರು ಬಲಗೈಯನ್ನು ಹ್ಯಾಂಡಲ್ಲಿನಿಂದ ತೆಗೆದು ಎದೆಯ ಮೇಲೆ ಭಕ್ತಿಯಿಂದ ಶಿಲುಬೆಯ ಗುರುತು ಹಾಕಿಕೊಳ್ಳುತ್ತಾರೆ. ಎಡ ಮೊಣಕೈಯಲ್ಲಿ ಹೆಲ್ಮೆಟ್ ತೂಗುತ್ತಿರುತ್ತದೆ. ಹನ್ನೊಂದಕ್ಕೆ ಸ್ವಲ್ಪ ಮುಂಚೆ ಆಸಿಮೀನಾ ಬರುತ್ತಾಳೆ. ನಿಲ್ಲಿಸುವುದಿಲ್ಲ, ನನ್ನ ಕಡೆ ತಿರುಗುವುದೂ ಇಲ್ಲ. ತಿರುವು ದಾಟುವವರೆಗೂ ನಾನು ನೋಡುತ್ತೇನೆ. ಹಿಂದಿನಿಂದ ನೋಡಿದರೂ ಗೊತ್ತಾಗುತ್ತದೆ, ಆ ಹೆಲ್ಮೆಟ್ ಅವಳಿಗೆ ಸರಿಯಾಗಿ ಕೂತಿದೆ.