ಮುಂದೆ ಪುಟ್ಟ ರೆಕ್ಕೆಯ ವಿಮಾನ

ನಾನು ಎರಡು ಸೀಟಿನ ಒಂದು ಪುಟ್ಟ ವಿಮಾನ. ಹುಟ್ಟಿದ್ದು ಗಂಗೊಳ್ಳಿಯ ದೋಣಿ ಕಟ್ಟುವ ಶೆಡ್ಡಿನಲ್ಲಿ. ಫೈಬರ್ ದೋಣಿ ಮಾಡುವ ಸಂಜೀವ ಕುಂದರ್, ದೋಣಿಯ ಅದೇ ಗಾಜಿನ ನಾರಿನ ಬಟ್ಟೆ, ಅದೇ ಅಂಟಿನಿಂದ ಆರು ವರ್ಷ ಕೂತು ನನ್ನನ್ನು ಕಟ್ಟಿದರು. ಅವರು ಅದುವರೆಗೆ ವಿಮಾನ ಹತ್ತಿದವರೇ ಅಲ್ಲ. ಹಾರಿಸುವ ಲೈಸೆನ್ಸ್ ಇದ್ದದ್ದು ಹೆಂಡತಿ ವಾಸಂತಿಗೆ.

ಬೇರೆ ವಿಮಾನಗಳ ಪುಟ್ಟ ರೆಕ್ಕೆ ಬಾಲದಲ್ಲಿರುತ್ತದೆ. ನನ್ನದು ಮೂಗಿನ ಬಳಿ. ವೇಗ ತೀರಾ ಇಳಿದರೆ ಮೊದಲು ಸೋಲುವುದು ಆ ರೆಕ್ಕೆಯೇ. ಆಗ ಮೂಗು ತಗ್ಗುತ್ತದೆ, ತಗ್ಗಿದ್ದರಿಂದ ವೇಗ ಮರಳುತ್ತದೆ, ನಾನು ಮತ್ತೆ ಏಳುತ್ತೇನೆ. ಎತ್ತರದಲ್ಲಿ ಇದೇ ನನ್ನನ್ನು ಕಾಯುತ್ತದೆ. ನೆಲದ ಹತ್ತಿರ ಏಳಲು ಜಾಗವಿರುವುದಿಲ್ಲ.

ವಾಸಂತಿ ಕಲಿತದ್ದು ಬೇರೆ ಬಗೆಯ ವಿಮಾನದಲ್ಲಿ. ನನ್ನನ್ನು ಮೊದಲ ಸಲ ಇಳಿಸುವಾಗ ಹಳೇ ಅಭ್ಯಾಸದಂತೆ ಮೂಗೆತ್ತಿ ಹಿಡಿದು ವೇಗ ಕಳೆದರು. ಆಳೆತ್ತರದಲ್ಲಿ ಮುಂದಿನ ರೆಕ್ಕೆ ಕೈಬಿಟ್ಟಿತು. ಮೂಗು ರನ್‌ವೇಗೆ ಬಡಿದು ಮುಂಚಕ್ರ ಮುರಿಯಿತು.

ಕುಂದರ್ ಓಡಿಬಂದರು.

"ನಿಮ್ಮ ಆರು ವರ್ಷ ಹಾಳು ಮಾಡಿದೆ," ಎಂದರು ವಾಸಂತಿ.

"ನಿನಗೆ ಎಂತ ಆಗ್ಲಿಲ್ಲ ಅಲ್ವಾ? ಇದನ್ನು ನಾನು ಪುನಃ ಕಟ್ತೇನೆ."

ಕಟ್ಟಿದರು. ಆಮೇಲೆ ಒಂದು ತಿಂಗಳು ವಾಸಂತಿ ನನ್ನನ್ನು ಎತ್ತರಕ್ಕೆ ಒಯ್ದು, ಬೇಕೆಂದೇ ನಿಧಾನಿಸಿ, ಮೂಗು ಯಾವಾಗ ತಗ್ಗುತ್ತದೆಂದು ಮತ್ತೆ ಮತ್ತೆ ನೋಡಿದರು. ಚಕ್ರ ನೆಲ ಮುಟ್ಟುವವರೆಗೆ ನನ್ನ ವೇಗ ಬಿಡಬಾರದೆಂದು ಅವರ ಕೈಗಳಿಗೆ ತಿಳಿಯಿತು.

ಒಂದು ದಿನ ಕುಂದರ್, "ಇವತ್ತು ನಾನೂ ಬರ್ತೇನೆ," ಎಂದು ಹಿಂದಿನ ಸೀಟಿಗೆ ಹತ್ತಿದರು.

ಮರಳುವಾಗ ಮಳೆ ಹಿಡಿಯಿತು. ಹನಿ ಕೂತರೆ ನನ್ನ ಮುಂದಿನ ರೆಕ್ಕೆಯ ಬಲ ಕುಗ್ಗುತ್ತದೆ, ಮೂಗು ಭಾರವಾಯಿತು. ವಾಸಂತಿ ಹಿಡಿಯನ್ನು ತುಸುವೇ ಹಿಂದಕ್ಕೆಳೆದು, ಎಂಜಿನ್ನಿಗೆ ಇನ್ನಷ್ಟು ಬಲ ಕೊಟ್ಟರು.

"ಜೋರಾಗಿ ಇಳಿತೇವೆ, ಹೆದರ್ಬೇಡಿ."

"ನೀನು ಇಳಿಸು."

ಹಿಂದಿನ ಚಕ್ರಗಳು ಮೆತ್ತಗೆ ನೆಲ ಮುಟ್ಟಿದವು, ಆಮೇಲೆ ಮುಂದಿನದು. ಒದ್ದೆ ರನ್‌ವೇಯಲ್ಲಿ ಓಡಿ ಓಡಿ, ತುದಿಯ ಬೇಲಿಗೆ ನಾಲ್ಕು ಮಾರು ಉಳಿದಾಗ ನಿಂತೆ.

"ಲಾಯ್ಕ ಇಳಿಸಿದೆ," ಎಂದರು ಕುಂದರ್. "ಆ ಬೇಲಿ ಸ್ವಲ್ಪ ಆಚೆ ಹಾಕ್ಲಿಕ್ಕೆ ಹೇಳ್ಬೇಕು."

ವಾಸಂತಿ ನಗುತ್ತಲೇ ಅತ್ತರು.

ಹದಿನಾಲ್ಕು ವರ್ಷ ಹಾರಿದೆ. ವಾಸಂತಿಯ ಕಣ್ಣು ಮಂಜಾದ ಮೇಲೆ ಕುಂದರ್ ನನ್ನ ರೆಕ್ಕೆಗಳನ್ನು ಬಿಚ್ಚಿ, ಮೈಯನ್ನು ಶೆಡ್ಡಿನ ಮೂಲೆಯಲ್ಲಿ ಇಟ್ಟರು. ಈಗ ಭಾನುವಾರ ಬೆಳಿಗ್ಗೆ ಅವರಿಬ್ಬರೂ ಬಂದು ನನ್ನೊಳಗೆ ಕೂರುತ್ತಾರೆ. ಕುಂದರ್ ಹಿಂದಿನಿಂದ ಪೇಪರ್ ಓದುತ್ತಾರೆ. ಕೇಳಿಸದಿದ್ದರೆ ವಾಸಂತಿ ಇನ್ನೊಮ್ಮೆ ಓದಿಸುತ್ತಾರೆ. ಇಬ್ಬರ ಭಾರವೂ ನನ್ನೊಳಗಿರುವ ಆ ಹೊತ್ತಿನಲ್ಲಿ ನನಗೆ ಆಕಾಶ ಬೇಕೆನಿಸುವುದಿಲ್ಲ.