ಇನ್ನೂರ ಹನ್ನೆರಡನೇ ಪುಟದ ಎಲೀಶ

ಯಜ್ಞನಾರಾಯಣರು ತಿರುವನಂತಪುರದ ವಿಶ್ವವಿದ್ಯಾಲಯದಲ್ಲಿ ಧರ್ಮಗಳ ಅಧ್ಯಯನ ವಿಭಾಗದ ಪ್ರಾಧ್ಯಾಪಕರು. ಊರು ಕಾಸರಗೋಡಿನ ಹತ್ತಿರ ಬದಿಯಡ್ಕ. ಇಪ್ಪತ್ತಾರು ವರ್ಷಗಳಿಂದ ಅವರು ಓದಿದ್ದು, ಬರೆದದ್ದು, ಪಾಠ ಹೇಳಿದ್ದು ಹೆಚ್ಚುಕಡಿಮೆ ಒಂದೇ ವಿಷಯ. ಕುಂದಾಪುರದಿಂದ ಕೊಚ್ಚಿಯವರೆಗಿನ ಕರಾವಳಿಯಲ್ಲಿ ಎಪ್ಪತ್ತು ವರ್ಷ ಕೆಲಸ ಮಾಡಿ, ಮೊದಲ ಮಹಾಯುದ್ಧದ ಹೊತ್ತಿಗೆ ಬಾಗಿಲು ಹಾಕಿದ ಓಸ್ಟರ್‌ಹೋಮ್ ಮಿಷನ್ನಿನ ಚರಿತ್ರೆ. ಪಾದ್ರಿಗಳು ತಮ್ಮ ದೇಶಕ್ಕೆ ಬರೆದ ಕಾಗದಗಳನ್ನು ಓದಬೇಕೆಂದೇ ಅವರು ಹಳೆಯ ಜರ್ಮನ್ ಕೈಬರಹ ಕಲಿತಿದ್ದರು. ಜನಿವಾರ ಹಾಕಿದವನಿಗೆ ಪಾದ್ರಿಗಳ ಉಸಾಬರಿ ಯಾಕೆ ಎಂದು ಊರಿನಲ್ಲಿ ಕೇಳುತ್ತಿದ್ದರು. ಇಂಥ ಹೆಸರಿನವರು ನಮ್ಮ ಚರಿತ್ರೆ ಯಾಕೆ ಬರೆಯುತ್ತಾರೆ ಎಂದು ಚರ್ಚಿನ ಕೆಲವರೂ ಕೇಳುತ್ತಿದ್ದರು. ಎರಡೂ ಕಡೆಯವರಿಗೆ ಅವರು ಅಡಿಟಿಪ್ಪಣಿ ತೋರಿಸುತ್ತಿದ್ದರು. ತಮ್ಮ ಪುಸ್ತಕದಲ್ಲಿ ಆಧಾರವಿಲ್ಲದ ಒಂದು ವಾಕ್ಯವೂ ಇಲ್ಲ ಎಂಬುದು ಅವರ ಹೆಮ್ಮೆ.

ಆ ಪುಸ್ತಕ ಬಂದು ಹನ್ನೊಂದು ವರ್ಷವಾಗಿತ್ತು. ಬೆಂಗಳೂರಿನ ಪ್ರಕಾಶಕರು ಎರಡನೇ ಮುದ್ರಣಕ್ಕೆ ತಯಾರಿ ನಡೆಸಿದ್ದರು. ಜನವರಿಯಲ್ಲಿ ಕೊಚ್ಚಿಯ ಒಂದು ಕಾಲೇಜು ಅವರನ್ನು ಉಪನ್ಯಾಸಕ್ಕೆ ಕರೆಯಿತು. ಶನಿವಾರ ಸಂಜೆ ಭಾಷಣ ಮುಗಿದು ಜನ ಚಹಾದ ಕಡೆಗೆ ಹೋಗುತ್ತಿದ್ದಾಗ, ನಲವತ್ತು ದಾಟಿದ ಒಬ್ಬ ಹೆಂಗಸು ಪುಸ್ತಕ ಹಿಡಿದುಕೊಂಡು ಎದುರಿಗೆ ಬಂದು ನಿಂತಳು. ಸಹಿ ಕೇಳಲು ಬಂದವಳೆಂದು ಅವರು ಪೆನ್ನು ತೆಗೆದರು.

"ಸಹಿಗಲ್ಲ ಸರ್. ಒಂದು ವಿಷಯ ಕೇಳ್ಲಿಕ್ಕುಂಟು," ಎಂದಳು ಕನ್ನಡದಲ್ಲಿ. ಉಡುಪಿ ಕಡೆಯ ಮಾತು. "ನಾನು ಜೀವಿತಾ. ಇಲ್ಲೇ ವಲ್ಲಾರ್ಪಾಡಂನಲ್ಲಿ ಕಸ್ಟಮ್ಸ್ ಆಫೀಸಿನಲ್ಲಿ ಇರೋದು. ಇನ್ನೂರ ಹನ್ನೆರಡನೇ ಪುಟದಲ್ಲಿ ಎಲೀಶ ಅಂತ ಒಬ್ಬರ ಬಗ್ಗೆ ಬರೆದಿದ್ದೀರಿ."

ಅವರಿಗೆ ನೆನಪಿತ್ತು. ಕೊಚ್ಚಿಯಲ್ಲಿದ್ದ ಮಿಷನ್ನಿನ ಅಚ್ಚುಕೂಟದಲ್ಲಿ ಕನ್ನಡ ಮೊಳೆ, ಅಂದರೆ ಅಚ್ಚಿನ ಸೀಸದ ಅಕ್ಷರ, ಜೋಡಿಸುತ್ತಿದ್ದವನು ಎಲೀಶ. 'ಕನ್ನಡ ವಿಭಾಗದ ಎಲೀಶನನ್ನು ೧೮೮೭ರಲ್ಲಿ ಕಳ್ಳತನಕ್ಕಾಗಿ ಕೆಲಸದಿಂದ ತೆಗೆಯಲಾಯಿತು' ಎಂಬ ಒಂದು ವಾಕ್ಯ ಬಿಟ್ಟರೆ ಅವನ ಬಗ್ಗೆ ಪುಸ್ತಕದಲ್ಲಿ ಬೇರೇನೂ ಇರಲಿಲ್ಲ.

"ಅವರು ನನ್ನ ಅಮ್ಮನ ಮುತ್ತಜ್ಜ," ಎಂದಳು ಜೀವಿತಾ. "ಅವರು ಕದ್ದರು ಅಂತ ನಿಮಗೆ ಹೇಗೆ ಗೊತ್ತಾಯ್ತು?"

"ಪಾದ್ರಿ ಲೈಟ್ಸರು ಆ ವರ್ಷ ಮಾರ್ಚಿಯಲ್ಲಿ ಬರೆದ ಕಾಗದದಲ್ಲಿ ಉಂಟು. ಕೆಳಗೆ ಟಿಪ್ಪಣಿ ಕೊಟ್ಟಿದ್ದೇನೆ."

"ನೋಡಿದೆ. ಅವರು ಹೇಳಿದ್ದು ಬಿಟ್ಟರೆ ಬೇರೆ ಏನಾದ್ರೂ ಉಂಟಾ?"

ಯಜ್ಞನಾರಾಯಣರು "ಇಲ್ಲ" ಎಂದರು.

ಆಗ ಅವಳು ನಡೆದದ್ದನ್ನು ಹೇಳಿದಳು. ಹೋದ ವರ್ಷ ಉಡುಪಿ ಕಡೆಯ ಅವರ ಊರಿನ ಚರ್ಚಿನ ಸಭೆಯವರು ಒಂದು ಸ್ಮರಣ ಸಂಚಿಕೆ ಹೊರಡಿಸಿದ್ದರು. ಹಳೆಯ ಕುಟುಂಬಗಳ ಪಟ್ಟಿ ಮಾಡುವಾಗ ಯಾರೋ ಈ ಪುಸ್ತಕ ನೋಡಿ ಆ ವಾಕ್ಯವನ್ನು ಹಾಗೆಯೇ ಇಳಿಸಿದ್ದರು. ಸಂಚಿಕೆ ಎಲ್ಲರ ಮನೆಗೂ ಹೋಗಿತ್ತು. ಅವಳ ತಾಯಿ ವಿಜಯಾ ಕ್ರಿಸ್ಮಸ್ಸಿಗೆ ಊರಿಗೆ ಹೋಗಿರಲಿಲ್ಲ. ಮೊಣಕಾಲು ನೋವು ಎಂದಿದ್ದರು. ಕಾರಣ ಅದಲ್ಲ ಎಂದು ಮಗಳಿಗೆ ಗೊತ್ತಿತ್ತು.

"ಅಮ್ಮನ ಹತ್ತಿರ ಒಮ್ಮೆ ಮಾತಾಡಿ ಸರ್. ನಾಳೆ ನಾವು ಚರ್ಚಿಗೆ ಹೋಗಿ ಬಂದ ಮೇಲೆ. ವೈಟ್ಟಿಲದ ಬಸ್ ಸ್ಟ್ಯಾಂಡಿನಿಂದ ಹತ್ತು ನಿಮಿಷ, ನಾನೇ ಬಂದು ಕರ್ಕೊಂಡು ಹೋಗ್ತೇನೆ."

ಮರುದಿನದ ರೈಲು ಮಧ್ಯಾಹ್ನ ಎರಡಕ್ಕಿತ್ತು. ಹೋಗದೆ ಇರಲು ಅವರಿಗೆ ನೆಪ ಸಿಗಲಿಲ್ಲ.

ವಿಜಯಾ ಅವರಿಗೆ ಎಪ್ಪತ್ತೇಳು. ನಿವೃತ್ತ ಶಾಲಾ ಮಾಸ್ಟರ್ತಿ. ಬಿಳಿ ಸೀರೆ ಉಟ್ಟು, ಚರ್ಚಿನಿಂದ ಬಂದ ಹಾಗೆಯೇ ಕುರ್ಚಿಯಲ್ಲಿ ನೆಟ್ಟಗೆ ಕೂತಿದ್ದರು. ಬಾಳೆಹಣ್ಣು ಕರಿದ ಪಳಂಪೊರಿಯ ತಟ್ಟೆಯನ್ನು ಯಜ್ಞನಾರಾಯಣರ ಕಡೆಗೆ ಸರಿಸಿ, ಪೀಠಿಕೆಯಿಲ್ಲದೆ ಶುರುಮಾಡಿದರು.

"ನನ್ನ ಅಜ್ಜ ಸಾಯುವಾಗ ನನಗೆ ಹನ್ನೆರಡು. ಅವರು ಎಲೀಶರ ಮಗ. ಕೊಚ್ಚಿ ಬಿಡುವಾಗ ಅವರಿಗೆ ಐದು ವರ್ಷವಂತೆ. ದೋಣಿಯಲ್ಲಿ ಬಂದದ್ದು ನೆನಪಿತ್ತು. ಯಾಕೆ ಬಂದದ್ದು ಅಜ್ಜ ಅಂತ ಕೇಳಿದ್ರೆ, ಅಪ್ಪ ಒಂದು ಬೆಂಚು ಕೇಳಿದ್ದಕ್ಕೆ ಅನ್ನುತ್ತಿದ್ರು. ಬೇರೆ ಎಂತದೂ ಹೇಳ್ತಿರ್ಲಿಲ್ಲ."

"ಬೆಂಚಾ?"

"ಹೌದು. ಯಾವ ಬೆಂಚು, ಯಾರ ಹತ್ತಿರ ಕೇಳಿದ್ದು, ನನಗೆ ಗೊತ್ತಿಲ್ಲ. ಇನ್ನೊಂದು ಹೇಳ್ತಿದ್ರು. ಒಂದು ಭಾನುವಾರ ಅಪ್ಪ ದೇವಾಲಯಕ್ಕೆ ಬರ್ಲೇ ಇಲ್ಲ, ನಾವು ತಿರುಗಿ ಬರುವಾಗ ಕೈಯೆಲ್ಲ ಕಪ್ಪು ಮಾಡ್ಕೊಂಡು ನೆಲದಲ್ಲಿ ಕೂತಿದ್ದ, ಅಮ್ಮ ತುಂಬ ಜೋರು ಮಾಡಿದ್ದಳು ಅಂತ." ವಿಜಯಾ ಸೀರೆಯ ಸೆರಗನ್ನು ಮಡಚಿ ಬಿಚ್ಚಿದರು. "ನಾನು ಮೂವತ್ತನಾಲ್ಕು ವರ್ಷ ಮಕ್ಕಳಿಗೆ ಪಾಠ ಮಾಡಿದವಳು, ಪ್ರೊಫೆಸರ್ರೆ. ಪುಸ್ತಕದಲ್ಲಿ ಬಂದದ್ದು ಸುಳ್ಳು ಅಂತ ಬಾಯಲ್ಲಿ ಹೇಳಿದ್ರೆ ಯಾರೂ ನಂಬುವುದಿಲ್ಲ, ಅದೂ ನನಗೆ ಗೊತ್ತುಂಟು."

ಯಜ್ಞನಾರಾಯಣರು ಎಲ್ಲವನ್ನೂ ಬರೆದುಕೊಂಡರು. ನೋಡುತ್ತೇನೆ ಎಂದರು. ರೈಲಿನಲ್ಲಿ ಕೂತ ಮೇಲೆ ಅವರಿಗೆ ತುಸು ಬೇಸರವೇ ಬಂತು. ಯಾವ ಮನೆತನದವರೂ ತಮ್ಮ ಅಜ್ಜಂದಿರನ್ನು ಕಳ್ಳರೆಂದು ನೆನಪಿಟ್ಟುಕೊಳ್ಳುವುದಿಲ್ಲ; ಮನೆಯ ನೆನಪು ಎಲ್ಲರನ್ನೂ ತೊಳೆದು ಇಡುತ್ತದೆ ಎಂದು ಅವರೇ ಎಷ್ಟೋ ಸಲ ತರಗತಿಯಲ್ಲಿ ಹೇಳಿದ್ದರು. ಆದರೆ ಆ ಭಾನುವಾರ ಮಾತ್ರ ಅವರಿಗೆ ಹಾಗೆ ಕಾಣಲಿಲ್ಲ. ಮನೆತನದ ಮರ್ಯಾದೆ ಕಾಯಲು ಕಥೆ ಕಟ್ಟುವವರು, ಅಪ್ಪ ದೇವಾಲಯ ತಪ್ಪಿಸಿ ಕಪ್ಪು ಕೈಯಲ್ಲಿ ಕೂತಿದ್ದ ಎಂದು ಯಾಕೆ ಸೇರಿಸುತ್ತಾರೆ?

ತಿರುವನಂತಪುರದ ಶ್ರೀಕಾರ್ಯದ ಮನೆಯಲ್ಲಿ ಹೆಂಡತಿ ಸುಮಿತ್ರ ಎಲ್ಲ ಕೇಳಿಸಿಕೊಂಡರು. ಅವರು ಬ್ಯಾಂಕಿನಲ್ಲಿ ಅಧಿಕಾರಿ, ಗಂಡನ ಪುಸ್ತಕದ ಕರಡು ತಿದ್ದಿದವರು.

"ಕೆಲಸದಿಂದ ತೆಗೆದವರು ಬರೆದ ಕಾಗದ ಅದು. ಅದೊಂದನ್ನೇ ನಂಬಿ ಬರೆದ್ರಾ?" ಎಂದು ಕೇಳಿದರು.

"ಅವನು ಮುಖ್ಯ ಮನುಷ್ಯ ಆಗಿರ್ಲಿಲ್ಲ. ಒಂದು ವಾಕ್ಯದ ಸಂಗತಿ."

"ಅವರಿಗೆ ಇದ್ದದ್ದೂ ಅದೊಂದೇ ವಾಕ್ಯ ಅಲ್ವಾ?"

ಯಜ್ಞನಾರಾಯಣರು ಬುಧವಾರ ರಜೆ ಹಾಕಿ, ಮಿಷನ್ನಿನ ಕಾಗದಗಳಿದ್ದ ನಗರದ ಸೆಮಿನರಿಯ ಗ್ರಂಥಾಲಯಕ್ಕೆ ಹೋದರು. ಪಾದ್ರಿಗಳ ಕಾಗದಗಳ ಪ್ರತಿಗಳಿದ್ದ ಸಂಪುಟಗಳು ಅವರಿಗೆ ಬಾಯಿಪಾಠ. ಅವರು ಕೇಳಿದ್ದು ಅಚ್ಚುಕೂಟದ ಕಟ್ಟುಗಳನ್ನು. ಒಟ್ಟು ಹದಿನಾಲ್ಕು ಕಟ್ಟು. 'ಮಾದರಿ ಹಾಳೆಗಳು, ಹಾಳಾದ ಅಚ್ಚುಗಳು' ಎಂದು ಮೇಲೆ ಬರೆದಿದ್ದರಿಂದ ಹಿಂದೆ ಅವರು ಅವುಗಳನ್ನು ಬಿಚ್ಚಿಯೇ ಇರಲಿಲ್ಲ.

ಎರಡು ದಿನ ಏನೂ ಸಿಗಲಿಲ್ಲ. ಪಂಚಾಂಗದ ಹಾಳೆಗಳು, ಕೀರ್ತನೆಗಳ ತಪ್ಪು ಅಚ್ಚು, ಶಾಲೆಯ ಬಾಲಬೋಧೆ. ಮೂರನೆಯ ದಿನ ಒಂಬತ್ತನೇ ಕಟ್ಟಿನಲ್ಲಿ ಅಂಗೈಯಗಲದ ಒಂದು ಹಾಳೆ ಬಂತು. ಅಕ್ಷರಗಳು ಮೇಲೆ ಕೆಳಗೆ ಆಗಿದ್ದವು; ಕೆಲವು ಕಡೆ ಮಸಿ ದಪ್ಪ, ಕೆಲವು ಕಡೆ ಹಿಡಿದೇ ಇಲ್ಲ. ಯಂತ್ರದಲ್ಲಿ ಒತ್ತಿದ್ದಲ್ಲ, ಮೊಳೆಗಳಿಗೆ ಮಸಿ ಬಳಿದು ಕೈಯಿಂದ ಒತ್ತಿದ್ದು ಎಂದು ನೋಡಿದರೇ ತಿಳಿಯುತ್ತಿತ್ತು. ಅವರು ಓದಿದರು:

'ಮಾನ್ಯರಾದ ಅಯ್ಯನವರ ಸನ್ನಿಧಿಗೆ ಸಭೆಯ ಸೇವಕರು ಮಾಡುವ ವಿಜ್ಞಾಪನೆ ಏನಂದರೆ. ತಿಂಗಳ ಕೂಟದಲ್ಲಿ ತಾವು ಕುರ್ಚಿಗಳ ಮೇಲೆ ಕೂತುಕೊಂಡಿರುವಾಗ ನಾವು ಬೆಳಗಿನಿಂದ ಮಧ್ಯಾಹ್ನ ಪರ್ಯಂತರ ನಿಂತುಕೊಂಡಿರುತ್ತೇವೆ. ನಮ್ಮಲ್ಲಿ ಇಬ್ಬರು ವೃದ್ಧರು. ಕರ್ತನ ಮೇಜಿನ ಬಳಿಯಲ್ಲಿ ಎಲ್ಲರೂ ಸಮಾನರೆಂದು ತಾವೇ ಬೋಧಿಸಿದ್ದೀರಿ. ನಮಗೆ ಕುರ್ಚಿ ಬೇಡ. ಒಂದು ಬೆಂಚು ದಯಪಾಲಿಸಬೇಕು.'

ಹಾಳೆಯ ಹಿಂದೆ ಲೈಟ್ಸರ ಕೈಬರಹವಿತ್ತು. 'ಎಲೀಶನು ನಮ್ಮ ಮೊಳೆಗಳನ್ನು ಮನೆಗೆ ಕೊಂಡುಹೋಗಿ, ಕರ್ತನ ದಿನದಲ್ಲಿ ಅಚ್ಚು ಮಾಡಿದ್ದು. ಆರು ಪ್ರತಿ. ಕೇಳಿದಾಗ ಒಪ್ಪಿಕೊಂಡನು. ಮಾರ್ಚಿ ೯ರಂದು ಎಲ್ಲ ಮೊಳೆಗಳನ್ನು ತಿರುಗಿ ತಂದು ಒಪ್ಪಿಸಿದನು.'

ಲೈಟ್ಸರು 'ಕಳ್ಳತನ' ಎಂದು ತಮ್ಮ ದೇಶಕ್ಕೆ ಬರೆದ ಕಾಗದ ಮಾರ್ಚಿ ಇಪ್ಪತ್ತೊಂದರದು. ಆ ಹೊತ್ತಿಗೆ ಮೊಳೆಗಳು ವಾಪಸು ಬಂದು ಹನ್ನೆರಡು ದಿನವಾಗಿತ್ತು. ಬೆಂಚಿನ ವಿಷಯ ಆ ಕಾಗದದಲ್ಲಿ ಎಲ್ಲಿಯೂ ಇರಲಿಲ್ಲ.

ಯಜ್ಞನಾರಾಯಣರು ಕನ್ನಡಕ ತೆಗೆದು ಒರೆಸಿ, ಹಾಳೆಯನ್ನು ಇನ್ನೊಮ್ಮೆ ಓದಿದರು. ಹೊಸ ಆಧಾರ ಸಿಕ್ಕಾಗ ಆಗುವ ಸಂತೋಷ ಆಗಿತ್ತು, ಇಲ್ಲವೆನ್ನಲಾಗದು. ಅದರ ಬೆನ್ನಿಗೇ ನಾಚಿಕೆಯೂ ಬಂತು. ಹನ್ನೊಂದು ವರ್ಷಗಳ ಹಿಂದೆಯೂ ಈ ಕಟ್ಟು ಇದೇ ಕಪಾಟಿನಲ್ಲಿತ್ತು.

ಪ್ರಕಾಶನದ ಸಂಪಾದಕ ಹೃಷಿಕೇಶನಿಗೆ ಅಂದೇ ಫೋನು ಮಾಡಿದರು. ಅವನು ಬೆಂಗಳೂರಿನವನು, ಕೆಲಸದಲ್ಲಿ ಚುರುಕು.

"ಸಾರ್, ಪುಟಗಳೆಲ್ಲ ಫೈನಲ್ ಆಗಿವೆ. ಆ ವಾಕ್ಯ ತೆಗೆದುಬಿಡ್ತೀನಿ, ಎರಡು ನಿಮಿಷದ ಕೆಲಸ. ಹೊಸದಾಗಿ ಒಂದು ಪುಟ ಸೇರಿಸಿದ್ರೆ ಸೂಚಿ ಪೂರ್ತಿ ಬದಲಾಗುತ್ತೆ."

"ಎರಡು ದಿನ ಬಿಟ್ಟು ಹೇಳ್ತೇನೆ," ಎಂದರು ಯಜ್ಞನಾರಾಯಣರು.

ಭಾನುವಾರ ಅವರು ಹಾಳೆಯ ನಕಲು ತೆಗೆದುಕೊಂಡು ಮತ್ತೆ ಕೊಚ್ಚಿಗೆ ಹೋದರು. ಫೋನಿನಲ್ಲಿ ಹೇಳಿ ಮುಗಿಸುವ ಯೋಚನೆ ಅವರಿಗೂ ಬಂದಿತ್ತು. "ಪುಸ್ತಕದಲ್ಲಿ ಬರೆದದ್ದು ನೀವು, ಹೋಗಿ ಹೇಳಬೇಕಾದ್ದೂ ನೀವೇ," ಎಂದಿದ್ದರು ಸುಮಿತ್ರ. ವೈಟ್ಟಿಲದಲ್ಲಿ ಕಾಯುತ್ತಿದ್ದ ಜೀವಿತಾ ದಾರಿಯುದ್ದಕ್ಕೂ ಏನು ಸಿಕ್ಕಿತೆಂದು ಕೇಳಿದಳು. ಅಮ್ಮನಿಗೆ ಹೇಳುವ ಮೊದಲು ತನಗೆ ಹೇಳಬೇಕೆಂದಳು. ಫ್ಲ್ಯಾಟಿನ ಕೆಳಗೆ ನಿಂತು ಅವರು ಎಲ್ಲವನ್ನೂ ಹೇಳಿದರು.

ಜೀವಿತಾಳ ಮುಖ ಮೊದಲು ಅರಳಿತು, ಆಮೇಲೆ ಬಿಗಿಯಿತು.

"ಅಂದ್ರೆ ಮೊಳೆ ತಗೊಂಡು ಹೋದದ್ದು ಹೌದು."

"ಹೌದು. ಕೇಳದೆ ತಗೊಂಡು ಹೋಗಿದ್ದಾರೆ. ಅಮ್ಮ ಹೇಳಿದ ಕಪ್ಪು ಕೈ ಅದೇ ದಿನದ್ದು ಇರಬೇಕು."

"ಹಾಗಾದ್ರೆ ಆ ವಾಕ್ಯ ತೆಗೆದು ಬಿಡಿ, ಸಾಕು. ಮೊಳೆಯ ಸುದ್ದಿ ಬೇಡ. ಅಮ್ಮನಿಗೂ ಬೆಂಚಿನ ವಿಷಯ ಮಾತ್ರ ಹೇಳಿ."

"ಮೊಳೆ ಬಿಟ್ಟರೆ ಈ ಹಾಳೆ ಎಲ್ಲಿಂದ ಬಂತು ಅಂತ ಬರೆಯಲಿ? ಎರಡನ್ನೂ ಬಿಟ್ಟರೆ ನಿಮ್ಮ ಅಮ್ಮನ ಮುತ್ತಜ್ಜ ಪುಸ್ತಕದಲ್ಲೇ ಇರುವುದಿಲ್ಲ. ಊರಿನ ಸಂಚಿಕೆಯಲ್ಲಿ ಮಾತ್ರ ಕಳ್ಳನಾಗಿ ಉಳೀತಾರೆ."

"ನಿಮಗೆ ಸುಲಭ ಸರ್. ನಿಮಗೆ ಒಂದು ಒಳ್ಳೆ ಪುಟ ಸಿಕ್ಕಿತು."

ಆ ಮಾತು ಅವರಿಗೆ ನಾಟಿತು. ಅದರಲ್ಲಿ ಸುಳ್ಳೂ ಇರಲಿಲ್ಲ. "ಅಮ್ಮನೇ ಹೇಳಲಿ," ಎಂದರು ಕೊನೆಗೆ. "ಅವರು ಬೇಡವೆಂದರೆ ಬರೆಯುವುದಿಲ್ಲ."

ಮೇಲೆ ಹೋದ ಮೇಲೆ ವಿಜಯಾ ನಕಲನ್ನು ಕೈಗೆ ತೆಗೆದುಕೊಂಡರು. ಅಕ್ಷರ ಸಣ್ಣದು, ಅಳಿಸಿದ್ದು. "ನೀವೇ ಓದಿ," ಎಂದರು. ಯಜ್ಞನಾರಾಯಣರು ಓದಿದರು. 'ನಮ್ಮಲ್ಲಿ ಇಬ್ಬರು ವೃದ್ಧರು' ಎಂಬಲ್ಲಿಗೆ ಬಂದಾಗ ವಿಜಯಾ ಕೈಯೆತ್ತಿ ನಿಲ್ಲಿಸಿ, ಅದನ್ನು ಇನ್ನೊಮ್ಮೆ ಓದಿಸಿದರು. ಆಮೇಲೆ ಹಿಂಬದಿಯಲ್ಲಿದ್ದ ಲೈಟ್ಸರ ಮಾತನ್ನೂ ಒಂದಕ್ಷರ ಬಿಡದೆ ಕೇಳಿದರು. ಜೀವಿತಾ ಬಾಗಿಲ ಹತ್ತಿರ ನಿಂತೇ ಇದ್ದಳು.

"ಕೇಳಿದಾಗ ಒಪ್ಪಿಕೊಂಡರು ಅಂತ ಉಂಟಾ?"

"ಉಂಟು ಅಮ್ಮ," ಎಂದರು ಯಜ್ಞನಾರಾಯಣರು.

"ಸುಳ್ಳು ಹೇಳ್ಲಿಲ್ಲ ಹಾಗಾದ್ರೆ." ವಿಜಯಾ ಹಾಳೆಯನ್ನು ಮಡಿಲಲ್ಲಿಟ್ಟುಕೊಂಡರು. "ಆಮೇಲೆ ಬೆಂಚು ಕೊಟ್ರಾ?"

ಅದನ್ನೂ ಯಜ್ಞನಾರಾಯಣರು ಹುಡುಕಿದ್ದರು. ಎರಡು ವರ್ಷದ ಮೇಲೆ, ಹೊಸ ಪಾದ್ರಿ ಬಂದ ಮೇಲಿನ ನಡವಳಿ ಪುಸ್ತಕದಲ್ಲಿ 'ಸೇವಕರ ಕೂಟಕ್ಕೆ ಎರಡು ಬೆಂಚು ಮಾಡಿಸಲಾಯಿತು' ಎಂದಿತ್ತು. ಯಾರು ಕೇಳಿದ್ದು ಎಂದಿರಲಿಲ್ಲ.

"ಅಜ್ಜನಿಗೆ ಇದು ಗೊತ್ತಾಗ್ಲೇ ಇಲ್ಲ," ಎಂದರು ವಿಜಯಾ. ಆಮೇಲೆ ಮಗಳ ಕಡೆಗೆ ತಿರುಗಿದರು. "ಮೊಳೆ ತಗೊಂಡದ್ದನ್ನು ಮುಚ್ಚುವುದು ಬೇಡ ಜೀವಿ. ತಗೊಳ್ಳದಿದ್ರೆ ಇದು ಅಚ್ಚಾಗ್ತಾ ಇರ್ಲಿಲ್ಲ ಅಲ್ವಾ. ಪ್ರೊಫೆಸರ್ರೆ, ಎಲ್ಲ ಬರೆಯಿರಿ. ಮೊದಲು ನೀವು ಬರೆದದ್ದು ತಪ್ಪು ಅಂತಲೂ ಬರೆಯಿರಿ."

"ಬರೆಯುತ್ತೇನೆ," ಎಂದರು ಅವರು.

ಜೀವಿತಾ ಒಳಗೆ ಹೋಗಿ ಚಹಾ ತಂದಳು. ಅವರ ಲೋಟ ಕೊಡುವಾಗ, "ಕೆಳಗೆ ಜೋರಾಗಿ ಮಾತಾಡಿದೆ," ಎಂದಳು. "ಮಾತಾಡಬೇಕಾದ್ದೇ," ಎಂದರು ಯಜ್ಞನಾರಾಯಣರು. ಆಮೇಲೆ ಮೂವರೂ ಉಡುಪಿಯ ಮಾತು, ಬದಿಯಡ್ಕದ ಮಾತು ಆಡುತ್ತ ಕೂತರು. ಅವರು ಹೊರಡುವಾಗ ವಿಜಯಾ ಮಗಳ ಹತ್ತಿರ ಈಸ್ಟರಿಗೆ ಊರಿನ ಟಿಕೆಟ್ ನೋಡಲು ಹೇಳಿದರು. ಮೊಣಕಾಲಿನ ಸುದ್ದಿ ಯಾರೂ ಎತ್ತಲಿಲ್ಲ.

ತಿರುವನಂತಪುರಕ್ಕೆ ಬಂದ ಮೇಲೆ ಅವರು ಮೊದಲು ವಿಜಯಾ ಅವರ ಊರಿನ ಸಭೆಯ ಹಿರಿಯರಿಗೆ ಒಂದು ಕಾಗದ ಬರೆದು, ನಕಲನ್ನು ಜೊತೆಗಿಟ್ಟು ಕಳಿಸಿದರು. ಅದು ಸಭೆಯ ಮುಂದಿನ ತಿಂಗಳ ಪತ್ರಿಕೆಯಲ್ಲಿ ಪೂರ್ತಿಯಾಗಿ ಅಚ್ಚಾಯಿತು. ಎಲೀಶನಿಗಾಗಿ ಒಂದೂವರೆ ಪುಟ ಹೊಸದಾಗಿ ಬರೆದರು. ಮುನ್ನುಡಿಯಲ್ಲಿ, ಮೊದಲ ಮುದ್ರಣದ ಇನ್ನೂರ ಹನ್ನೆರಡನೇ ಪುಟದ ತಪ್ಪು ತಮ್ಮದು, ಒಬ್ಬರ ಕಾಗದವನ್ನಷ್ಟೇ ನಂಬಿ ಬರೆದದ್ದು ಎಂದು ಸೇರಿಸಿದರು.

ಕೆಲಸ ಅಲ್ಲಿಗೆ ಮುಗಿಯಲಿಲ್ಲ. ಬರೆಯುತ್ತಿದ್ದಾಗ ಅವರಿಗೆ ಒಂದು ಸಂಶಯ ಬಂದು, ಪುಸ್ತಕವನ್ನು ಮೊದಲಿನಿಂದ ಕೊನೆಯವರೆಗೆ ಪೆನ್ಸಿಲು ಹಿಡಿದು ಓದಿದರು. ಸೋಮಾರಿ, ಕುಡುಕ, ನಂಬಿಕೆಗೆ ಯೋಗ್ಯನಲ್ಲ, ಜಗಳಗಂಟಿ ಎಂದು ಒಂದೊಂದೇ ಮಾತಿನಲ್ಲಿ ಮುಗಿಸಿದ, ಮಿಷನ್ನಿನ ಸ್ಥಳೀಯ ಸೇವಕರು ಹದಿನೇಳು ಮಂದಿ ಸಿಕ್ಕಿದರು. ಹದಿನೇಳು ಕಡೆಯೂ ಆಧಾರ ಪಾದ್ರಿಗಳ ಕಾಗದ ಮಾತ್ರ. ಅವರೆಲ್ಲರೂ ನಿರಪರಾಧಿಗಳೆಂದು ಯಜ್ಞನಾರಾಯಣರು ಅಂದುಕೊಳ್ಳಲಿಲ್ಲ. ಕುಡಿಯುವವರು ಕುಡಿದಿರಲೂಬಹುದು. ಆದರೆ ಅವರಿಗೆ ಗೊತ್ತಿರಲಿಲ್ಲ. ಗೊತ್ತಿದ್ದವರ ಹಾಗೆ ಬರೆದಿದ್ದರು.

ಹೃಷಿಕೇಶನಿಗೆ ಮತ್ತೆ ಫೋನು ಮಾಡಿ ಆರು ತಿಂಗಳು ಕೇಳಿದರು. ಅವನು ಮತ್ತೆ ಸೂಚಿಯ ಮಾತೆತ್ತಿದ. ಆಮೇಲೆ, ನಾಲ್ಕು ತಿಂಗಳು, ಅದಕ್ಕಿಂತ ಒಂದು ದಿನ ಹೆಚ್ಚಿಲ್ಲ ಎಂದ.

ಮರುದಿನ ಬೆಳಿಗ್ಗೆ ಗ್ರಂಥಾಲಯ ತೆಗೆಯುವ ಹೊತ್ತಿಗೆ ಯಜ್ಞನಾರಾಯಣರು ಬಾಗಿಲಲ್ಲಿದ್ದರು. ಪಟ್ಟಿಯಲ್ಲಿ ಮೊದಲಿದ್ದವಳು ಕುಂದಾಪುರದ ಶಾಲೆಯಿಂದ 'ಮೊಂಡುತನಕ್ಕಾಗಿ' ತೆಗೆಯಲ್ಪಟ್ಟ ರೆಬೆಕ್ಕ ಎಂಬ ಉಪಾಧ್ಯಾಯಿನಿ. ಅವರು ಆ ಶಾಲೆಯ ಕಟ್ಟುಗಳನ್ನು ತರಿಸಿ, ಮೊದಲನೆಯದರ ದಾರ ಬಿಚ್ಚಿದರು.